ಶೋಲಾವರಂ ಇಷ್ಟು ನುಣ್ಣಗಿರಲಿಲ್ಲ

ಕಳೆದ ತಿಂಗಳು ವರ್ಕ್ ಫ್ರಮ್ ಹೋಮ್ ಅಂತ ಬೆಂಗಳೂರಿನಿಂದ ಬಾತಿಗೆ ಬರುವಾಗ ಗೇಮಿನ ಸ್ಟೀರಿಂಗನ್ನೂ ಡಿಕ್ಕಿಗೆ ಹಾಕ್ಕೊಂಡು ಬಂದಿದ್ದೆ. "ಇನ್ನೂ ಇದೇ ಆಟನಾ?" ಅಂತ ಅಮ್ಮ ಬೈದ್ರು. ಅಪ್ಪ ಮಾತ್ರ ಕುರ್ಚಿ ಎಳ್ಕೊಂಡು ಪಕ್ಕದಲ್ಲಿ ಕೂತ್ರು. ಸ್ಕ್ರೀನ್ ಮೇಲೆ ಇದ್ದದ್ದು ಶೋಲಾವರಂ.

ಚೆನ್ನೈ ಹತ್ತಿರದ ಶೋಲಾವರಂ ಎರಡನೇ ಮಹಾಯುದ್ಧದ ಕಾಲದ ಏರ್‌ಸ್ಟ್ರಿಪ್. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ರೇಸ್ ನಡೆಸಿತು. ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸಿದ್ದೂ ಅಲ್ಲೇ. 1990ರ ಹೊತ್ತಿಗೆ ರೇಸುಗಳು ಇರುಂಗಾಟ್ಟುಕೋಟೈಗೆ ಹೋದವು. ಹರಿಹರದ ಕಿರ್ಲೋಸ್ಕರ್‌ನಲ್ಲಿ ಲೇತ್ ಮೇಲೆ ದುಡಿಯುತ್ತಿದ್ದ ಅಪ್ಪ, ಇಬ್ಬರು ಗೆಳೆಯರ ಜೊತೆ 1980ರ ದಶಕದಲ್ಲಿ ಒಮ್ಮೆ ರೈಲು ಹತ್ತಿ ರೇಸ್ ನೋಡಿ ಬಂದಿದ್ದರು. ಆ ಕಥೆ ಕೇಳುತ್ತಲೇ ನಾನು ಬೆಳೆದದ್ದು.

ಇಂಜಿನಿಯರಿಂಗ್ ಓದುವಾಗ ಆರ್‌ಫ್ಯಾಕ್ಟರ್‌ಗೆ ಅಂತ ಆ ಟ್ರ್ಯಾಕ್ ಮಾಡಿದ್ದೆ. ಈಗ ಅದನ್ನ ಅಸೆಟ್ಟೊ ಕೋರ್ಸಾಗೆ ತರುತ್ತಿದ್ದೆ. ಬ್ಲೆಂಡರ್‌ನಲ್ಲಿ ಮೆಶ್ ಹೊಸದಾಗಿ ಕಟ್ಟಿದೆ, ಟೆಕ್ಸ್ಚರ್ ಬದಲಾಯಿಸಿದೆ, ರಸ್ತೆಗೊಂದು, ಮಣ್ಣಿಗೊಂದು ಗ್ರಿಪ್ ಕೊಟ್ಟೆ. ಫಳಫಳ ಹೊಳೀತಿತ್ತು.

ಅಪ್ಪ ನಿಧಾನಕ್ಕೆ ಒಂದು ಸುತ್ತು ಹೊಡೆದು ಸ್ಟೀರಿಂಗ್ ಬಿಟ್ಟರು. "ಲೇ, ಇಷ್ಟು ನುಣ್ಣಗೆ ಎಲ್ಲಿತ್ತು? ನಮ್ಮೂರ ಹೈವೇ ಮಾಡಿಟ್ಟೀಯಲ್ಲ! ಬೈಕುಗಳು ಕುಣೀತಾ ಬರ್ತಿದ್ವು, ಹ್ಯಾಂಡಲ್ ಅಲ್ಲಾಡೋದು ನಿಂತಲ್ಲಿಗೇ ಕಾಣ್ತಿತ್ತು."

ಮಷೀನಿನ ನಡುಕವನ್ನ ಬೆರಳಲ್ಲೇ ಹಿಡಿಯುತ್ತಿದ್ದ ಮನುಷ್ಯ. ವಾದ ಮಾಡಲಿಲ್ಲ. "ಎಲ್ಲೆಲ್ಲಿ ಕುಣೀತಿದ್ವು?" ಅಂತ ಕೇಳಿದೆ. ತಾವು ನಿಂತಿದ್ದ ತಿರುವಿನ ಮುಂದೆ, ಬ್ರೇಕ್ ಹಾಕೋ ಜಾಗ ತೋರಿಸಿದರು. ಬಾಕಿ? ಸುಮ್ಮನಾದರು. "ಅವನಿಗೆ ಗೊತ್ತಿತ್ತು." ಅವರು ಅಂದರೆ ಅಂದು ಫೋಟೋ ತೆಗೆದ ಗೆಳೆಯ. ತೀರಿಕೊಂಡು ಎರಡು ವರ್ಷವಾಯ್ತು.

ಇವತ್ತು ಇರೋ ಟ್ರ್ಯಾಕನ್ನು ಲೇಸರ್‌ನಿಂದ ಅಳೆದು ಗೇಮಿಗೆ ಇಳಿಸುತ್ತಾರೆ. ಇಟಲಿಯ ಮೊಂಝಾದಲ್ಲಿ ಹಳೇ ಬ್ಯಾಂಕಿಂಗ್ ಈಗಲೂ ನಿಂತಿದೆ, ಹೋಗಿ ನೋಡಬಹುದು. ಅಪ್ಪ ನೋಡಿದ ಶೋಲಾವರಂ ಅಪ್ಪನಂಥವರ ತಲೆಯಲ್ಲಿದೆ, ಅಷ್ಟೇ. ಕಾಲೇಜಿನಲ್ಲಿ ಮೊದಲ ಸಲ ಮಾಡಿದಾಗ ಮೂವರೂ ಇದ್ದರು. ಒಬ್ಬರನ್ನೂ ಕೂರಿಸಿ ಕೇಳಲಿಲ್ಲ.

ಆ ರಾತ್ರಿ ಇಡೀ ಟ್ರ್ಯಾಕಿಗೆ ಕಂಪ್ಯೂಟರ್‌ನಿಂದಲೇ ಉಬ್ಬುತಗ್ಗು ಹಾಕಿಸಿದೆ. ಎರಡು ನಿಮಿಷದ ಕೆಲಸ. ಓಡಿಸೋಕೆ ಮಸ್ತಾಗಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಅದು ನನ್ನ ಶೋಲಾವರಂ ಆಗ್ತಿತ್ತು, ಅವರದ್ದಲ್ಲ. ಅನ್‌ಡೂ ಮಾಡಿದೆ. ಅಪ್ಪ ತೋರಿಸಿದ ಒಂದೇ ಜಾಗದಲ್ಲಿ ಉಬ್ಬು ಇಟ್ಟೆ. ರೀಡ್‌ಮಿ ಫೈಲಿನಲ್ಲಿ ಬರೆದೆ: "ಈ ಉಬ್ಬು ಕಣ್ಣಾರೆ ಕಂಡವರು ಹೇಳಿದ್ದು. ಉಳಿದ ಕಡೆ ನುಣ್ಣಗಿರುವುದು ನಮಗೆ ಗೊತ್ತಿಲ್ಲದ್ದಕ್ಕೆ."

ಬೆಳಿಗ್ಗೆ ಅಪ್ಪ ಮತ್ತೆ ಓಡಿಸಿದರು. ಆ ತಿರುವಿನಲ್ಲಿ ಸ್ಟೀರಿಂಗ್ ಗಡಗಡ ಅಂದಾಗ ನಕ್ಕು, ಫೋನ್ ತಗೊಂಡು ಹರಿಹರದಲ್ಲಿರೋ ಮೂರನೆಯವರಿಗೆ ಹಚ್ಚಿದರು. "ಭಾನುವಾರ ಬಾರಪ್ಪ ಮನಿಗೆ, ಶೋಲಾವರಂಗೆ ಹೋಗೋಣ."

ಸ್ಟೀರಿಂಗ್ ಈಗ ಬಾತಿಯಲ್ಲೇ ಬಿಟ್ಟು ಬಂದಿದ್ದೀನಿ.