ಹಾಡು ಯಾರದು?

ನಮ್ಮ ಬಾಲಾನಗರದಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ಮೊನ್ನೆ ತನ್ನ ಪ್ರಬಂಧ ತೋರಿಸಿದಳು. ‘ಬೆಳ್ಳಿಮೋಡ’ ಚಿತ್ರದ ಬೆಳಗಿನ ಹಾಡಿನ ಕೆಳಗೆ “ಎಸ್. ಜಾನಕಿ, ಯೂಟ್ಯೂಬ್” ಎಂದಷ್ಟೇ ಇತ್ತು. “ಹಾಡಿದವರು ಅವರೇ ಅಲ್ವಾ ಆಂಟಿ?”

ಹಾಡಿದ್ದು ಜಾನಕಿಯವರೇ. ಸಂಗೀತ ವಿಜಯಭಾಸ್ಕರ್, ಚಿತ್ರ ಪುಟ್ಟಣ್ಣ ಕಣಗಾಲರದು, 1967. ಆದರೆ ಮಾತು ಬೇಂದ್ರೆಯವರದು. 1932ರ ‘ಗರಿ’ ಸಂಕಲನದ ‘ಬೆಳಗು’ ಕವಿತೆ. ಚಿತ್ರಕ್ಕಿಂತ 35 ವರ್ಷ ಹಿರಿಯದು! ಪಾಪ, ಅರವತ್ತರ ದಶಕದ ಸಿನಿಮಾ ಸಾಹಿತ್ಯವೆಂದು ಅವಳು ಒಂದು ಪುಟ ತುಂಬ ವಾದ ಹೂಡಿದ್ದಳು. ಅದೆಲ್ಲ ಬುಡಮೇಲಾಯಿತು.

ಮಕ್ಕಳೇ, ಹಾಡಿನ ಮಾತನ್ನು ಕುರಿತು ಬರೆಯುವಾಗ ಕವಿ, ಕವಿತೆ, ಸಂಕಲನ, ವರ್ಷ ಕೊಡಿ. ದನಿ, ರಾಗಗಳನ್ನು ಕುರಿತಾದರೆ ಗಾಯಕಿ, ಸಂಗೀತ ನಿರ್ದೇಶಕ, ಚಿತ್ರ. ಯೂಟ್ಯೂಬ್ ನೀವು ಕೇಳಿದ ಜಾಗ ಅಷ್ಟೇ. ಅದನ್ನೂ ಹೇಳಿ, ಕೊನೆಯಲ್ಲಿ. ಇಂಗ್ಲಿಷಿಗೆ ನೀವೇ ತಂದಿದ್ದರೆ “ಅನುವಾದ ನನ್ನದು” ಎನ್ನಲು ಸಂಕೋಚವೇಕೆ?

ದಾಸರು ಜಾಣರು, ‘ಪುರಂದರ ವಿಠಲ’ ಎಂದು ಹಾಡಿನೊಳಗೇ ಅಂಕಿತ ಹಾಕಿಬಿಟ್ಟರು. ‘ಬೆಳಗು’ ಕವಿತೆಯೊಳಗೆ ‘ಅಂಬಿಕಾತನಯದತ್ತ’ ಎಂಬ ಹೆಸರು ಬರುವುದಿಲ್ಲ. ನಿಮ್ಮಲ್ಲಿ ಹಲವರಿಗೆ ಕನ್ನಡ ಕಿವಿಯಿಂದಲೇ ಬಂದದ್ದು. ಪುಸ್ತಕ ತೆರೆಯದಿದ್ದರೆ ಆ ಹೆಸರು ಸಿಗುವುದೆಲ್ಲಿ? ಲಿಪಿ ಬಾರದಿದ್ದರೆ ಅಜ್ಜಿಯಿಂದ ಓದಿಸಿಕೊಳ್ಳಿ.