ಹಳೆಯದರ ಋಣ

ಹೊಸದನ್ನು ತರುವಾಗ ಹಳೆಯದನ್ನು ಎಷ್ಟುಮಟ್ಟಿಗೆ ಉಳಿಸಿಕೊಳ್ಳಬೇಕೆಂಬುದು ಗೃಹಸ್ಥರಿಗೆಲ್ಲ ಪರಿಚಿತವಾದ ಪ್ರಶ್ನೆ. ಗಣಕಯಂತ್ರವನ್ನು ನಡೆಸುವ ಮೂಲವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಮನ್ನು, ರಚಿಸುವವರಿಗೂ ಇದೇ ಧರ್ಮಸಂಕಟವು ಒದಗಿರುವುದು.

ಮೈಕ್ರೋಸಾಫ್ಟ್ ಸಂಸ್ಥೆಯವರು ಬಹುಕಾಲ ಉಳಿಸಿಕೊಳ್ಳುವ ಪಕ್ಷವನ್ನೇ ಹಿಡಿದರು. 1995ರ ವಿಂಡೋಸ್ ಅದಕ್ಕೂ ಹಿಂದಿನ ಡಾಸ್ ಕಾಲದ ಪ್ರೋಗ್ರಾಮುಗಳನ್ನು ನಡೆಸುತ್ತಿದ್ದಿತು. ಕೊಂಡವನ ಹಣವು ವ್ಯರ್ಥವಾಗದಿರುವುದು ಈ ಪಕ್ಷದ ಗುಣ. ದೋಷವೂ ಇಲ್ಲದಿಲ್ಲ. 1981ರ ಡಾಸಿನಲ್ಲಿ ‘ಕಾನ್’ ಎಂಬುದು ಕೀಲಿಮಣೆಗೂ ತೆರೆಗೂ ಮೀಸಲಾದ ಹೆಸರಾಗಿದ್ದಿತು. ಆ ಒಂದು ಕಾರಣದಿಂದ ಇಂದಿನ ವಿಂಡೋಸಿನಲ್ಲಿಯೂ ಕಡತಕ್ಕೆ ಇಂಗ್ಲಿಷಿನಲ್ಲಿ ಆ ಹೆಸರನ್ನಿಡಲು ಬಾರದು. ಕಾರಣವು ಮರೆತ ಮೇಲೂ ನಿಷೇಧವು ಉಳಿದುಬರುವುದು ಆಚಾರಗಳಲ್ಲಿ ಮಾತ್ರವಲ್ಲ!

ಆಪಲ್ ಸಂಸ್ಥೆಯವರ ಮಾರ್ಗವು ಬೇರೆ. ಅವರು 1994, 2006, 2020ರಲ್ಲಿ ಮೂರು ಸಲ ತಮ್ಮ ಮ್ಯಾಕಿಂಟಾಷ್ ಯಂತ್ರದ ಹೃದಯವಾದ ಪ್ರೊಸೆಸರಿನ ಜಾತಿಯನ್ನೇ ಬದಲಿಸಿದರು. ಪ್ರತಿಸಲವೂ ಹಳೆಯ ಪ್ರೋಗ್ರಾಮುಗಳಿಗಾಗಿ ಒಬ್ಬ ದುಭಾಷಿಯನ್ನು ನೇಮಿಸಿದರೆನ್ನಬಹುದು. ಆದರೆ 2006ರ ‘ರೊಸೆಟಾ’ ಎಂಬ ದುಭಾಷಿಯನ್ನು 2011ರಲ್ಲಿಯೇ ಬೀಳ್ಕೊಟ್ಟರು. 2019ರಲ್ಲಿ 32 ಬಿಟ್ಟಿನ ಪ್ರೋಗ್ರಾಮುಗಳೆಲ್ಲವನ್ನೂ ಕೈಬಿಟ್ಟರು. ವ್ಯವಸ್ಥೆಯ ಭಾರವು ಇಳಿಯಿತು. ಅವನ್ನೇ ನೆಚ್ಚಿದ್ದವರ ಕೈ ಬರಿದಾಯಿತು.

ಸಂಸ್ಕೃತವನ್ನು ಪಾಠಹೇಳಿದ ನಮಗೆ ಇಲ್ಲಿ ಪಾಣಿನಿಯ ಸ್ಮರಣೆಯಾಗುವುದು. ಆತನು ತನ್ನ ಕಾಲದ ಭಾಷೆಗೆ ಸೂತ್ರಗಳನ್ನು ರಚಿಸುವಾಗ ವೇದದ ಹಳೆಯ ರೂಪಗಳನ್ನು ತಳ್ಳಿಬಿಡಲಿಲ್ಲ. ‘ಛಂದಸಿ’ ಎಂಬ ಗುರುತನ್ನಿಟ್ಟು ಅವಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟನು. ಅವುಗಳಿಂದ ವ್ಯವಹಾರದ ಮಾತಿಗೆ ತೊಡಕಿಲ್ಲ, ವೇದವನ್ನು ಓದುವವನಿಗೆ ದಾರಿಯೂ ಮುಚ್ಚಿಲ್ಲ. ಡಾಸ್ ಪ್ರೋಗ್ರಾಮುಗಳನ್ನು ಹೊಸ ಯಂತ್ರದೊಳಗೆ ಬೇರೆಯಾಗಿಯೇ ನಡೆಸುವ ‘ಡಾಸ್‌ಬಾಕ್ಸ್’ ಎಂಬ ಸಾಧನವು ಇಂತಹದೇ ಏರ್ಪಾಡು. ಈ ಮಧ್ಯಮಾರ್ಗವೇ ಯುಕ್ತವೆಂದು ನಮ್ಮ ಮತ.

ಏಕೆಂದರೆ ಪ್ರೋಗ್ರಾಮು ಹೋದರೆ ಮತ್ತೊಂದನ್ನು ಕೊಳ್ಳಬಹುದು. ಅದರಲ್ಲಿ ಬರೆದಿಟ್ಟುದನ್ನು ಕೊಳ್ಳಲಾಗದು. ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟುಗಳಲ್ಲಿ ರೋಮನ್ ಲಿಪಿಯ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂಡಿಸಿದ್ದರು. ಆ ಫಾಂಟಿಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ತಂದೆಯ ಪತ್ರವಾಗಲಿ ಮನೆತನದ ವಂಶಾವಳಿಯಾಗಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ 11, ಗಟ್ಟಿಮುಟ್ಟಾಗಿರುವ ಅನೇಕ ಹಳೆಯ ಯಂತ್ರಗಳನ್ನು ಒಲ್ಲದು. ಆದುದರಿಂದ ಹಲವು ಮನೆಗಳಲ್ಲಿ ಯಂತ್ರವನ್ನು ಬದಲಿಸುವ ಮಾತು ನಡೆದಿರಬಹುದು. ಹಳೆಯದನ್ನು ಸಾಗಹಾಕುವ ಮುನ್ನ ಅದರಲ್ಲಿರುವ ಕನ್ನಡ ಬರಹಗಳನ್ನು ಪರಿವರ್ತಕ ಪ್ರೋಗ್ರಾಮಿನಿಂದ ಯೂನಿಕೋಡಿಗೆ ಮಾರ್ಪಡಿಸಿ, ಒತ್ತಕ್ಷರಗಳು ಸರಿಯಾಗಿ ಬಂದಿರುವುವೇ ಎಂದು ಒಮ್ಮೆ ಓದಿನೋಡಿ, ಎರಡು ಪ್ರತಿಗಳನ್ನು ಬೇರೆಬೇರೆ ಕಡೆ ಇಡುವುದು ಒಳ್ಳೆಯದು. ಈ ಕೆಲಸವನ್ನು ಯಾವ ಸಂಸ್ಥೆಯವರೂ ನಮಗಾಗಿ ಮಾಡಲಾರರು.