ಸತಿಯೋ, ಗತಿಯೋ?

ಬೆಂಗಳೂರಿಗೆ ಬಂದು ಆರು ವರ್ಷ ಆಯಿತು. ಪ್ರತಿ ವರ್ಷ ಯುಗಾದಿ ಮುಗಿಯುತ್ತಿದ್ದಂತೆ ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿಕೊಳ್ಳುತ್ತೇನೆ. ಈ ಸಲ ಕೋಟೆ ಮೈದಾನದ ರಾಮನವಮಿ ಸಂಗೀತಕ್ಕೆ ನಾಲ್ಕು ದಿನವಾದರೂ ಹೋಗಬೇಕು, ಕರಗದ ರಾತ್ರಿ ತಿಗಳರಪೇಟೆಯಲ್ಲಿ ನಿದ್ದೆಗೆಡಬೇಕು, ರಂಗಶಂಕರದಲ್ಲಿ ಒಂದು ನಾಟಕ, ಕಲಾಕ್ಷೇತ್ರಕ್ಕೆ ನಮ್ಮ ಕಡೆಯ ಮೇಳ ಬಂದರೆ ಒಂದು ಆಟ.. ಅಷ್ಟರಲ್ಲಿ ಆಫೀಸಿನಲ್ಲಿ ರಿಲೀಸ್ ಬರುತ್ತದೆ. ಪಟ್ಟಿ ಹಾಗೇ ಉಳಿಯುತ್ತದೆ, ಚೈತ್ರ ಮುಗಿಯುತ್ತದೆ. ನಿಮ್ಮಲ್ಲೂ ಸುಮಾರು ಜನರ ಕಥೆ ಇದೇ ಅಂತ ಗೊತ್ತು, ನಗಬೇಡಿ :-)

ಈ ಸಲ ಹೋದೆ. ಹೋಗಿದ್ದು ಅಪ್ಪನ ಕಿವಿಯ ದೆಸೆಯಿಂದ.

ನಮ್ಮದು ಸಿದ್ದಾಪುರ ತಾಲೂಕಿನ ಕೋಲಸಿರ್ಸಿ. ಅಪ್ಪನಿಗೆ ಎರಡೇ ಲೋಕ: ಒಂದು ಅಡಿಕೆ ತೋಟ, ಇನ್ನೊಂದು ತಾಳಮದ್ದಲೆ. ಬಯಲುಸೀಮೆಯ ಗೆಳೆಯರಿಗಾಗಿ ಹೇಳುತ್ತೇನೆ: ತಾಳಮದ್ದಲೆ ಅಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ಚಂಡೆ ಇರುತ್ತದೆ, ಅರ್ಥಧಾರಿಗಳು ಪಂಚೆ ಶಲ್ಯದಲ್ಲೇ ಕೂತು ಪದ್ಯದ ಅರ್ಥ ಹೇಳುತ್ತಾ ವಾದಕ್ಕೆ ಇಳಿಯುತ್ತಾರೆ. ಪದ್ಯ ಮೊದಲೇ ಇರುವಂಥದ್ದು, ಮಾತು ಮಾತ್ರ ಆ ಕ್ಷಣಕ್ಕೆ ಹುಟ್ಟಬೇಕು. ಎದುರಿನವನು ಏನು ಕೇಳಿದ ಅಂತ ತಿಳಿಯದಿದ್ದರೆ ಅಲ್ಲಿಗೆ ಮುಗಿಯಿತು.

ಮುಗಿದಿದ್ದು ಹೋದ ದೀಪಾವಳಿಯ ಮರುವಾರ. ಪ್ರಸಂಗ ವಾಲಿವಧೆ, ಅಪ್ಪನದು ವಾಲಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ ಅಂತ. ಅಪ್ಪ ಅದನ್ನು ಕೇಳುವಾಗ ಯಾವಾಗಲೂ ಸಭೆ ನಿಶ್ಶಬ್ದ ಆಗುತ್ತದೆ. ಅವತ್ತೂ ಆಯಿತು. ಆಮೇಲೆ ರಾಮ ತಿರುಗಿ ಕೇಳಿದ, "ಮಗಳ ಸಮಾನಳಾದ ತಮ್ಮನ ಸತಿಯನ್ನು ಏನು ಮಾಡಿದೆ, ಅದನ್ನು ಹೇಳು". ಅಪ್ಪ ಎದೆಯುಬ್ಬಿಸಿ ಹೇಳಿದ, "ನನ್ನ ತಮ್ಮನ ಗತಿ ನಾನು ನೋಡಿಕೊಳ್ಳುತ್ತೇನೆ, ಅದು ನಿನಗೇಕೆ?"

ರಾಮನ ಪಾತ್ರದವರಿಗೂ ತಡೆಯಲಾಗಲಿಲ್ಲ. "ಗತಿಯಲ್ಲವಯ್ಯಾ ವಾಲಿ, ಸತಿ!" ಎಂದುಬಿಟ್ಟರು. ಇಡೀ ಸಭೆ ಘೊಳ್ಳೆಂದಿತು. ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಪ್ಪ ಒಮ್ಮೆ ಸಭೆ ನೋಡಿದ. ಅವನಿಗೆ ನಗು ಕಾಣುತ್ತಿತ್ತು, ಕಾರಣ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ನೋಡಿದ. ಆವಾಗ ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಅದಾದ ಮೇಲೆ ಅಪ್ಪ ಯಾವ ಕೂಟಕ್ಕೂ ಹೋಗಲಿಲ್ಲ ಅಂತ ಆಯಿ ಫೋನಿನಲ್ಲಿ ಹೇಳಿದಳು. ಕರೆಯಲು ಬಂದವರಿಗೆ "ಈ ವರ್ಷ ಕೊನೆಕೊಯ್ಲು ಜೋರಿದ್ದು" ಅಂದನಂತೆ. ಕೊಯ್ಲು ಮುಗಿದ ಮೇಲೆ ಹೇಳಲು ಏನೂ ಉಳಿದಿರಲಿಲ್ಲ, ಸುಮ್ಮನಾದನಂತೆ.

ಅಂತೂ ರಾಮನವಮಿಯ ವಾರ ಬೆಂಗಳೂರಿಗೆ ಕರೆಸಿಕೊಂಡೆ. ಕಿವಿ ಪರೀಕ್ಷೆ ಮಾಡಿದಾಕೆ ಒಂದು ಗ್ರಾಫ್ ತೋರಿಸಿದರು. ಗೆರೆ ಎಡದಲ್ಲಿ ಚೆನ್ನಾಗಿಯೇ ಇದ್ದು ಬಲಕ್ಕೆ ಬಂದ ಹಾಗೆ ಜೋಗದ ಗುಂಡಿಗೆ ಇಳಿದಿತ್ತು. ವಯಸ್ಸಾದಂತೆ ಮೊದಲು ಹೋಗುವುದು ಎತ್ತರದ ಕಂಪನದ ಸದ್ದುಗಳು. ಅ, ಆ, ಓ ತರಹದ ಸ್ವರಗಳಿಗೆ ಕೆಳಗಿನ ಕಂಪನ ಸಾಕು, ಅವು ಕೇಳಿಸುತ್ತವೆ. ಸ, ಶ, ತ, ಕ ತರಹದ ವ್ಯಂಜನಗಳ ಗುರುತು ಇರುವುದು ಮೇಲಿನ ಕಂಪನಗಳಲ್ಲಿ, ಸದ್ದೂ ಸಣ್ಣದು. ಹಾಗಾಗಿ ದನಿ ಕೇಳುತ್ತದೆ, ಶಬ್ದ ತಿಳಿಯುವುದಿಲ್ಲ. ಅಪ್ಪ ನಾಲ್ಕು ವರ್ಷದಿಂದ ಹೇಳುತ್ತಿದ್ದುದೂ ಅದನ್ನೇ: "ಕೇಳ್ತು, ತಿಳೀತಿಲ್ಲೆ". ನಾವು ಅದನ್ನು ಮುದುಕರ ಹಟ ಅಂದುಕೊಂಡಿದ್ದೆವು. ಸತಿಯ 'ಸ' ಅವನವರೆಗೆ ಬಂದೇ ಇರಲಿಲ್ಲ. ಉಳಿದ 'ಅತಿ'ಗೆ ಅವನ ತಲೆ ಒಂದು 'ಗ' ಸೇರಿಸಿತ್ತು.

ಎರಡು ಕಿವಿಗೂ ಯಂತ್ರ ಬೇಕು ಅಂದರು. ದರ ಕೇಳಿ ಅಪ್ಪ ತಕ್ಷಣ ಅದನ್ನು ಅಡಿಕೆಗೆ ಪರಿವರ್ತಿಸಿದ. "ಎರಡು ಕ್ವಿಂಟಲ್ ಚಾಲಿ ಆತಲ ಮಾರಾಯ!" ನಾಲ್ಕು ದಿನ ಹಾಕಿ ನೋಡಲು ಕೊಟ್ಟರು. ಯಂತ್ರ ಹಾಕಿಕೊಂಡು ಹೊರಗೆ ಬಂದವನು ಮೊದಲು ಹೇಳಿದ್ದು, "ಈ ಊರಿಗೆ ಇಷ್ಟೊಂದು ಗಲಾಟೆ ಇದ್ದ?"

ಸಂಜೆ ಚಾಮರಾಜಪೇಟೆಗೆ ಕರೆದುಕೊಂಡು ಹೋದೆ. ಶ್ರೀರಾಮಸೇವಾ ಮಂಡಳಿಯವರು ಈ ಉತ್ಸವ ಶುರುಮಾಡಿದ್ದು 1939ರಲ್ಲಿ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಜಾಗ ಇದು ಅಂದೆ, ಅಪ್ಪ ಚಪ್ಪಲಿ ಬಿಡಲು ಹೊರಟ. ಅವತ್ತು ಕೊಳಲು ಕಛೇರಿ. ಮಾರ್ಕೆಟ್ಟಿನ ಕಡೆಯ ಬಸ್ಸುಗಳ ಹಾರನ್ನಿನ ನಡುವೆಯೇ ಆಲಾಪನೆ ಶುರುವಾಯಿತು. ಹತ್ತು ನಿಮಿಷಕ್ಕೆ ಅಪ್ಪನ ಮುಖ ಹುಳಿಮಾವು ಕಚ್ಚಿದ ಹಾಗಾಯಿತು.

"ಎಂತ ಆತು?"

"ಕೊಳಲು ನಡುಗ್ತು. ಮೃದಂಗ ತಗಡು ಬಡದಾಂಗೆ ಕೇಳ್ತು."

ನನಗೆ ಹೊಳೆದಿದ್ದು ಆಮೇಲೆ, ಓದಿದ ಇಂಜಿನಿಯರಿಂಗು ಒಂದು ಸಲವಾದರೂ ಉಪಯೋಗಕ್ಕೆ ಬಂತು. ಆ ಯಂತ್ರದಲ್ಲಿ ಮೈಕು ಸ್ಪೀಕರು ಎರಡೂ ಬೆರಳಗಲದಲ್ಲಿ ಇರುತ್ತವೆ. ಸ್ಪೀಕರಿನ ಸದ್ದು ಸೋರಿ ಮತ್ತೆ ಮೈಕಿಗೆ ಹೋದರೆ ಕುಯ್ಯ್ ಅಂತ ಶಿಳ್ಳೆ ಹುಟ್ಟುತ್ತದೆ. ಒಂದೇ ಶ್ರುತಿಯಲ್ಲಿ ನಿಂತ ಇಂಥ ಸದ್ದನ್ನು ಹುಡುಕಿ ಅಳಿಸಲು ಒಳಗೆ ಒಂದು ಪ್ರೋಗ್ರಾಮ್ ಇರುತ್ತದೆ. ಕೊಳಲಿನ ದೀರ್ಘ ಸ್ವರವೂ ಅದಕ್ಕೆ ಶಿಳ್ಳೆಯ ಹಾಗೇ ಕಾಣುತ್ತದೆ! ಜೋರು ಸದ್ದನ್ನು ಅದುಮುವ ಇನ್ನೊಂದು ಲೆಕ್ಕ ಮೃದಂಗದ ಪೆಟ್ಟನ್ನೂ ಚಪ್ಪಟೆ ಮಾಡುತ್ತದೆ. ಮಾತಿಗಾಗಿ ಮಾಡಿದ ಯಂತ್ರ, ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಹಾಕಿಸಬೇಕು. ನಾವು ಹಾಕಿಸಿರಲಿಲ್ಲ.

ಅಪ್ಪ ಎರಡನ್ನೂ ತೆಗೆದು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡ. ಕಣ್ಣು ಮುಚ್ಚಿದ. ತೊಡೆಯ ಮೇಲೆ ಬೆರಳು ಆದಿತಾಳ ಹಿಡಿಯಿತು. ತನಿ ಆವರ್ತನ ಮುಗಿಯುವಾಗ ಮುಕ್ತಾಯಕ್ಕೆ ಸರಿಯಾಗಿ ಕೈ ಬಿತ್ತು. ನಾನು ಮಾತ್ರ ಅಷ್ಟು ಹೊತ್ತೂ ವೇದಿಕೆ ನೋಡಲಿಲ್ಲ. ಎರಡು ಕ್ವಿಂಟಲ್ ಚಾಲಿ ಹೋಗುವುದೂ ಹೌದು, ಅಪ್ಪ ಮತ್ತೆ ಕೂರುವುದೂ ಇಲ್ಲ ಅನ್ನುವ ಲೆಕ್ಕದಲ್ಲಿದ್ದೆ. ಹೊರಗೆ ಬಂದ ಮೇಲೆ ಕೇಳಿದೆ, "ಹೆಂಗಿತ್ತು?"

"ಅಡ್ಡಿಲ್ಲೆ."

ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಆ ಒಂದು ಶಬ್ದದಲ್ಲಿ ಪರಮಾನಂದದಿಂದ ಹಿಡಿದು ಪೂರ್ತಿ ನಿರಾಸೆವರೆಗೆ ಯಾವುದೂ ಇರಬಹುದು.

ಕರಗ ನೋಡಿಕೊಂಡು ಹೋಗು ಅಂದೆ. ಚೈತ್ರದ ಹುಣ್ಣಿಮೆ ರಾತ್ರಿ ದ್ರೌಪದಿಯ ಕರಗ ಧರ್ಮರಾಯನ ಗುಡಿಯಿಂದ ಹೊರಡುತ್ತದೆ, ಹೊತ್ತವರದು ಸ್ತ್ರೀವೇಷ, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬೆಳಗಾಗುವಾಗ ವಾಪಸ್ಸು ಅಂತೆಲ್ಲ ಹೇಳಿದೆ. "ಮಹಾಭಾರತ, ಸ್ತ್ರೀವೇಷ, ಬೆಳಗಾಗ ಆಟ.. ನಮ್ಮದೇ ಆತಲ ಹಂಗಾದ್ರೆ" ಎಂದ. ಆದರೂ ನಿಲ್ಲಲಿಲ್ಲ. ಕಾಳುಮೆಣಸು ಅಂಗಳದಲ್ಲಿ ಒಣಗ್ತಾ ಇದ್ದು ಅಂದ.

ಹೊರಡುವ ದಿನ ಮೆಜೆಸ್ಟಿಕ್ಕಿಗೆ ಬಿಡಲು ಹೋದೆ. ಬಸ್ಸಿನ ಹತ್ತಿರ ನಿಂತು ಅಂತೂ ಬಾಯಿ ಬಿಟ್ಟೆ. "ಅವತ್ತು ಆನೂ ನೆಗಾಡಿದ್ದೆ ಅಪ್ಪ."

"ಗೊತ್ತಿದ್ದು. ಕಣ್ಣು ಸರಿ ಇದ್ದಲ ಯಂಗೆ" ಎಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಪದ್ಯ ಈ ಮಿಷಿನ್ನಲ್ಲಿ ಹಾಳಾಗ್ತು. ಆದ್ರೆ ಪದ್ಯ ಯಂಗೆ ಬಾಯಿಪಾಠ ಇದ್ದು, ಕೇಳದೇ ಬೇಡ. ಎದ್ರಿನವ್ರ ಮಾತು ಕೇಳಿರೆ ಸಾಕು."

ಅಷ್ಟು ಸರಳ ಲೆಕ್ಕ ನನಗೆ ಹೊಳೆದಿರಲಿಲ್ಲ ನೋಡಿ.

ಚೀಲದಿಂದ ಯಂತ್ರ ತೆಗೆದು ಎರಡೂ ಕಿವಿಗೆ ಹಾಕಿಕೊಂಡ. ನನಗೆ ಬೆನ್ನು ಹಾಕಿ ನಿಂತ. ಸುತ್ತ ಕಂಡಕ್ಟರುಗಳ ಕೂಗು, ಇಂಜಿನ್ ಸದ್ದು.

"ಹಿಂದೆ ನಿಂತ್ಕಂಡು ಹೇಳು ನೋಡನ, ಒಂದೊಂದೇ."

"ಗತಿ" ಅಂದೆ.

"ಗತಿ."

"ಮತಿ."

"ಮತಿ. ಮುಂದೆ?"

ಗಂಟಲು ಸ್ವಲ್ಪ ಕಟ್ಟಿತ್ತು, ಸರಿ ಮಾಡಿಕೊಂಡು ಮೆಲ್ಲಗೆ ಅಂದೆ, "ಸತಿ".

ಅಪ್ಪ ತಿರುಗಿ ನೋಡದೆ ಬಸ್ಸಿನ ಮೆಟ್ಟಿಲು ಹತ್ತಿದ. ಅಲ್ಲಿಂದಲೇ ಹೇಳಿದ, "ಅದ್ಕೆ ಉತ್ತರ ಕೂಟದಲ್ಲೇ ಹೇಳ್ತಿ. ನೀ ರಜ ಹಾಕು."

ಹಾಕಿದ್ದೇನೆ. ಆ ವಾರವೇ ರಿಲೀಸ್ ಇದೆ. ಮ್ಯಾನೇಜರಿಗೆ ಕಾರಣ ಏನು ಅಂತ ಬರೆಯಲಿ? 'ವಾಲಿವಧೆ' ಅಂತಲೇ ಬರೆದಿದ್ದೇನೆ :-)